ತರಂಗಕ್ಕೆ ಲೈಸೆನ್ಸು, ತಂತಿಗೆ ದಾರಿ

ರೇಡಿಯೊ ಕೇಳುವ ಪೆಟ್ಟಿಗೆಯನ್ನು ಜನ 1920ರ ದಶಕದಲ್ಲೇ ಮನೆಯಲ್ಲಿ ಮಾಡಿಕೊಂಡರು. ಒಂದು ಗಲೀನಾ ಹರಳು, ಅದಕ್ಕೆ ಮೊನೆ ತಾಗಿಸಿದ ತಂತಿ, ಒಂದು ಸುರುಳಿ, ಹೆಡ್‌ಫೋನ್ ಇದ್ದರೆ ಸಾಕು, ಬ್ಯಾಟರಿಯೂ ಬೇಡ. ಸಂದೇಶ ಕಳಿಸುವ ಪೆಟ್ಟಿಗೆ ಹಳ್ಳಿ ತಲುಪಿದ್ದು ಸುತ್ತುದಾರಿಯಲ್ಲಿ. 1929ರಲ್ಲಿ ಆಸ್ಟ್ರೇಲಿಯಾದ ಒಳನಾಡಿನ ಒಂಟಿಮನೆಗಳಿಗೆ ಆಲ್ಫ್ರೆಡ್ ಟ್ರೇಗರ್ ಅವರ ಪೆಡಲ್ ತುಳಿಯುವ ಸೆಟ್ಟು ಬಂತು. 1940ರ ದಶಕದ ಕೊನೆಗೆ ಬೊಲಿವಿಯಾದ ಗಣಿ ಕಾರ್ಮಿಕರು ಕೂಲಿಯಲ್ಲೇ ಪಾಲು ಹಾಕಿ ರೇಡಿಯೊ ಕೇಂದ್ರ ಕಟ್ಟತೊಡಗಿದರು.

ಟ್ರಾನ್ಸಿಸ್ಟರ್ ಬಂದಮೇಲೆ ಎಫ್‌ಎಂ ಟ್ರಾನ್ಸ್‌ಮಿಟರ್ ಅಂಗೈಗಿಳಿಯಿತು. 98 ಮೆಗಾಹರ್ಟ್ಸ್‌ಗೆ ಸುಮಾರು 73 ಸೆಂ.ಮೀ. ತಂತಿಯೇ ಆಂಟೆನಾ. ಆದರೆ ಫ್ರೀಕ್ವೆನ್ಸಿಯನ್ನು ಹಿಡಿದಿಡುವುದು ಬರೀ ಸುರುಳಿ ಮತ್ತು ಕೆಪಾಸಿಟರ್ ಆದ್ದರಿಂದ ಬ್ಯಾಟರಿ ಇಳಿದರೂ, ಬಿಸಿಲೇರಿದರೂ, ಕೈ ಹತ್ತಿರ ಹೋದರೂ ಕೇಂದ್ರ ಜಾರುತ್ತದೆ. ಫಿಲ್ಟರ್ ಇಲ್ಲದಿದ್ದರೆ ಅದರ ಇಮ್ಮಡಿಯಾದ 196ರಲ್ಲೂ ಅದೇ ಮಾತು ಕೇಳಿಸುತ್ತದೆ. 108ರ ಆಚೆಗೆ ವಿಮಾನಗಳು ಬಳಸುವ ತರಂಗಗಳು ಶುರುವಾಗುತ್ತವೆ. ಹಾಗಾಗಿ ಲೈಸೆನ್ಸ್ ಬೇಕೆನ್ನುವ ಸರ್ಕಾರದ ಹಟ ಪೂರ್ತಿ ಸುಳ್ಳಲ್ಲ.

ಭಾರತದಲ್ಲಿ ಆ ಹಟಕ್ಕೆ 1885ರ ಟೆಲಿಗ್ರಾಫ್ ಕಾಯ್ದೆಯಷ್ಟು ವಯಸ್ಸು. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೂ 2002ರ ಸಮುದಾಯ ರೇಡಿಯೊ ನೀತಿ ಬಾಗಿಲು ತೆರೆದಿದ್ದು ಶಿಕ್ಷಣ ಸಂಸ್ಥೆಗಳಿಗಷ್ಟೆ. ಆಗ 2003ರಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ರೇಡಿಯೊ ‘ನಮ್ಮ ಧ್ವನಿ’ ಗಾಳಿಯ ಗೊಡವೆ ಬಿಟ್ಟು ಟಿವಿ ಕೇಬಲ್ಲಿನಲ್ಲೇ ಮನೆಮನೆಗೆ ಹೋಯಿತು.

ಟಿವಿ ಕೇಬಲ್ ಇಲ್ಲದ ಕಡೆ ಸ್ಪೀಕರ್ ಲೈನ್ ಎಳೆಯಬಹುದು. ಮೊದಲ ಸಲ ಎಳೆಯುವವರು ಎಡವುವುದು ಇಲ್ಲೇ. 0.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿಗೆ ಒಂದು ಕಿಲೋಮೀಟರಿಗೆ ಹೋಗಿಬರುವ ರೋಧ ಸುಮಾರು 68 ಓಮ್. ತುದಿಯಲ್ಲಿ 8 ಓಮ್ ಸ್ಪೀಕರ್ ಇದ್ದರೆ ಹೊರಟ ಪವರ್‌ನಲ್ಲಿ ಹತ್ತರಲ್ಲೊಂದು ಪಾಲಷ್ಟೇ ಅದಕ್ಕೆ ಸಿಗುತ್ತದೆ, ಉಳಿದದ್ದು ತಂತಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟಿನಲ್ಲಿ ದನಿ ಕಳಿಸುವ 100 ವೋಲ್ಟ್ ಲೈನ್: ಪ್ರತಿ ಸ್ಪೀಕರಿಗೆ 1 ವಾಟ್ ಮಾತ್ರ ಎಳೆಯುವ ಟ್ಯಾಪಿನ (ಜೋಡಣೆಯ) ಟ್ರಾನ್ಸ್‌ಫಾರ್ಮರ್ ಹಾಕಿದರೆ ಲೈನಿಗೆ ಅದು 10,000 ಓಮ್‌ನಂತೆ ಕಾಣುತ್ತದೆ. ತುದಿಯಲ್ಲಿ ಹತ್ತು ಸ್ಪೀಕರ್ ಇದ್ದರೂ ವೋಲ್ಟೇಜಿನ ನಷ್ಟ ಶೇ. 6ರಷ್ಟೆ. ಯಾರಾದರೂ ಟ್ರಾನ್ಸ್‌ಫಾರ್ಮರ್ ಇಲ್ಲದೆ 8 ಓಮ್ ಸ್ಪೀಕರನ್ನು ನೇರವಾಗಿ ಸಿಕ್ಕಿಸಿದರೆ ಮಾತ್ರ ಇಡೀ ಬೀದಿಯ ದನಿ ಕುಸಿಯುತ್ತದೆ. ಕವಲುಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನು ಹುಡುಕಬೇಕು.

2006ರಲ್ಲಿ ಬಿಹಾರದ ಮನ್ಸೂರ್‌ಪುರದ ಮನೆಯಲ್ಲೇ ಕಟ್ಟಿದ ಎಫ್‌ಎಂ ಕೇಂದ್ರ ಲೈಸೆನ್ಸಿಲ್ಲದ ಕಾರಣಕ್ಕೆ ಮುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ಬಂತು: 100 ವಾಟ್ ಪ್ರಸಾರಶಕ್ತಿ, 30 ಮೀಟರ್ ಮೀರದ ಆಂಟೆನಾ, ಸುದ್ದಿಗೆ ನಿಷೇಧ.