ಫೆರಿಟಿನ್ ಜಾಸ್ತಿ, ಹಿಮೋಗ್ಲೋಬಿನ್ ಕಡಿಮೆ: ಇದು ಹೇಗೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಂಟು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಹಿಮೋಗ್ಲೋಬಿನ್ 9.2, ಫೆರಿಟಿನ್ 240. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲ. ದಾಸ್ತಾನು ಇಷ್ಟಿದ್ದೂ ರಕ್ತಹೀನತೆ ಯಾಕೆ?
- ಓದುಗರು, ಡೊಂಬಿವಲಿ

ಉತ್ತರ: ಮುಂಬೈಯ ನಮ್ಮವರ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಫೆರಿಟಿನ್ ಜಾಸ್ತಿ ಅಂದರೆ ಕಬ್ಬಿಣಕ್ಕೆ ಕೊರತೆಯಿಲ್ಲ ಅಂತ ನಿಶ್ಚಿಂತರಾಗಿಬಿಡುವುದೇ ತಪ್ಪು.

ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ, ಜೀವಕೋಶದೊಳಗಿನ ಪ್ರೋಟೀನ್ ಕಣಜ. 24 ತುಂಡುಗಳು ಕೂಡಿ ಆದ ಈ ಪೊಳ್ಳು ಗೋಳದಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಯುತ್ತವೆ. ತುಂಡುಗಳಲ್ಲಿ ಎಚ್ ಮತ್ತು ಎಲ್ ಎಂದು ಎರಡು ಬಗೆ, ಎರಡಕ್ಕೂ ಬೇರೆ ಬೇರೆ ಜೀನ್. ಮಾಮೂಲಿ ದಿನಗಳಲ್ಲಿ ಕಣಜ ಎಷ್ಟು ಬೇಕೆಂದು ಕಬ್ಬಿಣವೇ ತೀರ್ಮಾನಿಸುತ್ತದೆ. ಜೀನ್‌ನಿಂದ ನಕಲಾಗಿ ಬಂದ ಆರ್‌ಎನ್‌ಎ ಸಿದ್ಧವಾಗಿಯೇ ಇರುತ್ತದೆ. ಕಬ್ಬಿಣ ಕಡಿಮೆಯಿದ್ದಾಗ ಒಂದು ಪ್ರೋಟೀನು ಅದರ ಮೇಲೆ ಕೂತು ಫೆರಿಟಿನ್ ತಯಾರಾಗದಂತೆ ತಡೆಯುತ್ತದೆ, ಕಬ್ಬಿಣ ಏರಿದಾಗ ಎದ್ದು ಹೋಗುತ್ತದೆ.

ರುಮಟಾಯ್ಡ್ ಸಂಧಿವಾತದಲ್ಲಿ ಆಗುವಂತೆ ಉರಿಯೂತ ಬಂದಾಗ ಕಥೆ ಬೇರೆ. ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಸಂಕೇತಗಳು ಕಬ್ಬಿಣದ ಲೆಕ್ಕಕ್ಕೆ ಕಾಯುವುದೇ ಇಲ್ಲ. ಅವು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಎಬ್ಬಿಸುತ್ತವೆ, ಅದು ನೇರವಾಗಿ ಎಚ್ ಜೀನ್‌ನ ನಿಯಂತ್ರಣ ಭಾಗಕ್ಕೆ ಅಂಟಿ ಹೆಚ್ಚು ನಕಲು ತೆಗೆಸುತ್ತದೆ. ಹೀಗೆ ಹೊಸ ಕಬ್ಬಿಣ ಬಾರದೆಯೂ ಫೆರಿಟಿನ್ ಏರಬಹುದು.

ಇನ್ನೊಂದು ಸಂಕೇತ ಇಂಟರ್‌ಲ್ಯೂಕಿನ್-6. ಇದು ಯಕೃತ್ತಿನಲ್ಲಿ ಸ್ಟಾಟ್-3 ಎಂಬ ಪ್ರೋಟೀನಿನ ಮೂಲಕ, ಕಬ್ಬಿಣದ ಓಡಾಟ ನಿಯಂತ್ರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನಿನ ಜೀನನ್ನು ಚುರುಕುಗೊಳಿಸುತ್ತದೆ. ಜೀವಕೋಶದಿಂದ ಕಬ್ಬಿಣ ಹೊರಬರಲು ಇರುವ ಒಂದೇ ಬಾಗಿಲು ಫೆರೋಪೋರ್ಟಿನ್; ಹೆಪ್ಸಿಡಿನ್ ಅದನ್ನೇ ಮುಚ್ಚಿ ನಾಶಮಾಡಿಸುತ್ತದೆ. ಹಳೆಯ ಕೆಂಪು ರಕ್ತಕಣಗಳನ್ನು ಒಡೆದು ದಿನಕ್ಕೆ 20-25 ಮಿಲಿಗ್ರಾಂ ಕಬ್ಬಿಣ ಮರಳಿಸಬೇಕಾದ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಲ್ಲಿ ಅದು ಸಿಕ್ಕಿಬೀಳುತ್ತದೆ. ಕರುಳಿನಲ್ಲೂ ಅದೇ ಬಾಗಿಲು, ಅದಕ್ಕೇ ಮಾತ್ರೆ ಅಷ್ಟಾಗಿ ಮೈಗೆ ಹತ್ತುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ರಕ್ತಕಣ ತಯಾರಿಸುವ ಮೂಳೆಮಜ್ಜೆಯ ಸ್ಥಿತಿ ಅದೇ.

ದೇಹ ಹೀಗೇಕೆ ಮಾಡುತ್ತದೆ? ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ನಾಲ್ಕು ದಿನದ ಸೋಂಕಿನಲ್ಲಿ ಅದನ್ನು ಬಚ್ಚಿಡುವುದು ಜಾಣತನ. ವರ್ಷಗಟ್ಟಲೆ ಆರದ ಸಂಧಿವಾತದಲ್ಲಿ ಅದೇ ಹೊರೆಯಾಗುತ್ತದೆ.

ಆದ್ದರಿಂದ ಫೆರಿಟಿನ್ ಅಂಕಿಯನ್ನು ಒಂಟಿಯಾಗಿ ಓದಬೇಡಿ. ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಲೆಕ್ಕ) ಜೊತೆಗಿರಲಿ. ಆರೋಗ್ಯವಂತ ವಯಸ್ಕರಲ್ಲಿ ಕಬ್ಬಿಣದ ಕೊರತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಫೆರಿಟಿನ್ ಗಡಿ 15. ಸೋಂಕು, ಉರಿಯೂತ ಇದ್ದವರಿಗೆ 70. ಅತ್ತೆಯವರ 240 ಅದಕ್ಕಿಂತ ಬಹಳ ಮೇಲಿದೆ. ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕಡಿಮೆ ಬಂದರೆ, ಕಬ್ಬಿಣ ಒಳಗಿದ್ದೂ ಕೈಗೆ ಸಿಗುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಆಗ ಮಾತ್ರೆಗಿಂತ ಮೊದಲು ಸಂಧಿವಾತವೇ ಹತೋಟಿಗೆ ಬರಬೇಕು. ಇಂಟರ್‌ಲ್ಯೂಕಿನ್-6 ತಡೆಯುವ ಟೋಸಿಲಿಜುಮ್ಯಾಬ್ ಪಡೆದ ಸಂಧಿವಾತ ರೋಗಿಗಳಲ್ಲಿ ಹೆಪ್ಸಿಡಿನ್ ಇಳಿದು ಹಿಮೋಗ್ಲೋಬಿನ್ ಏರಿದ್ದುಂಟು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂರೂ ರಿಪೋರ್ಟ್ ಒಟ್ಟಿಗೆ ಹಿಡಿದು ಅತ್ತೆಯವರ ಸಂಧಿವಾತ ತಜ್ಞರನ್ನು ಕಾಣಿ.