ಆಲ್ಟ್‌ಗೆಲ್ಡ್ ಟಿಪ್ಪಣಿ: ಹೇಮಾರ್ಕೆಟ್‌ನ 8 ಜನರ ಲೆಕ್ಕ

ಅಮೆರಿಕದ ಇಲಿನಾಯ್ ರಾಜ್ಯದ ಗವರ್ನರ್ ಆಗಿದ್ದ ಆಲ್ಟ್‌ಗೆಲ್ಡ್ ಹೇಮಾರ್ಕೆಟ್ ಪ್ರಕರಣದಲ್ಲಿ ಮಾಡಿದ್ದೇನು ಎಂಬ ಪ್ರಶ್ನೆಗೆ ಉತ್ತರ ಬರೆಯುವವರಿಗಾಗಿ ಈ ಟಿಪ್ಪಣಿ. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗುವವರಲ್ಲ. ಜನರೇ ಓಟು ಹಾಕಿ ಆರಿಸುತ್ತಾರೆ. ಕೆಲಸದಲ್ಲಿ ಮುಖ್ಯಮಂತ್ರಿಗೆ ಹತ್ತಿರ. ಇಲಿನಾಯ್‌ನಲ್ಲಿ ಕ್ಷಮಾದಾನದ ಅಧಿಕಾರವೂ ಗವರ್ನರ್ ಕೈಯಲ್ಲೇ ಇತ್ತು.

ಜಾನ್ ಪೀಟರ್ ಆಲ್ಟ್‌ಗೆಲ್ಡ್ ಹುಟ್ಟಿದ್ದು 1847ರಲ್ಲಿ, ಜರ್ಮನಿಯಲ್ಲಿ. ಕೂಸಾಗಿದ್ದಾಗಲೇ ಮನೆಯವರು ಒಹಾಯೊಗೆ ವಲಸೆ ಬಂದರು. ಮೊದಲು ಶಾಲಾ ಮೇಷ್ಟ್ರು, ಆಮೇಲೆ ಮಿಸೌರಿಯಲ್ಲಿ ವಕೀಲ, 1875ರಿಂದ ಶಿಕಾಗೊ ವಾಸ, 1886ರಿಂದ ಅಲ್ಲೇ ನ್ಯಾಯಾಧೀಶ. 1893ರಿಂದ 1897ರವರೆಗೆ ಗವರ್ನರ್.

ಎಲ್ಲರೂ ಎಡವುವುದು ಹೇಮಾರ್ಕೆಟ್ ಪ್ರಕರಣದಲ್ಲಿ. 1886ರ ಮೇ 4ರಂದು ಶಿಕಾಗೊದ ಹೇಮಾರ್ಕೆಟ್ ಚೌಕದಲ್ಲಿ ಸೇರಿದ್ದ ಕಾರ್ಮಿಕರ ಸಭೆಯನ್ನು ಚದುರಿಸಲು ಬಂದ ಪೊಲೀಸರ ಮೇಲೆ ಯಾರೋ ಬಾಂಬ್ ಎಸೆದರು. 8 ಜನ ಅರಾಜಕತಾವಾದಿಗಳು (ಸರ್ಕಾರವೇ ಬೇಡವೆನ್ನುವವರು) ಅಪರಾಧಿಗಳೆಂದು ತೀರ್ಪಾಯಿತು. "ಆಲ್ಟ್‌ಗೆಲ್ಡ್ ಮೂವರನ್ನು ಗಲ್ಲಿನಿಂದ ಪಾರು ಮಾಡಿದರು" ಎಂದು ಬರೆದರೆ ತಪ್ಪು. ಲೆಕ್ಕ ಹೀಗೆ ಹಾಕಿ. ಮೊದಲು ಆಸ್ಕರ್ ನೀಬಿಯವರನ್ನು ಬದಿಗಿಡಿ: ಅವರಿಗೆ 15 ವರ್ಷದ ಸೆರೆ, ಗಲ್ಲು ವಿಧಿಸಿರಲೇ ಇಲ್ಲ. ಉಳಿದ 7 ಜನರಿಗೆ ಗಲ್ಲು. 1887ರ ನವೆಂಬರ್ 10ರಂದು ಲೂಯಿಸ್ ಲಿಂಗ್ ಸೆರೆಯಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಅದೇ ದಿನ ಆಗಿನ ಗವರ್ನರ್ ರಿಚರ್ಡ್ ಓಗಲ್ಸ್‌ಬಿ, ಫೀಲ್ಡನ್ ಮತ್ತು ಶ್ವಾಬ್ ಇಬ್ಬರ ಗಲ್ಲನ್ನು ಜೀವಾವಧಿಗೆ ಇಳಿಸಿದರು. ಮರುದಿನ ಉಳಿದ ನಾಲ್ವರನ್ನು ಗಲ್ಲಿಗೇರಿಸಲಾಯಿತು. 1+1+2+4, ಅಲ್ಲಿಗೆ 8. ಗಲ್ಲು ತಪ್ಪಿಸಿದ್ದು ಓಗಲ್ಸ್‌ಬಿ. ನೀಬಿ, ಫೀಲ್ಡನ್, ಶ್ವಾಬ್ ಮೂವರನ್ನು ಸೆರೆಯಿಂದ ಬಿಡಿಸಿದ್ದು ಆಲ್ಟ್‌ಗೆಲ್ಡ್, 1893ರ ಜೂನ್ 26ರಂದು.

ಇನ್ನೊಂದು ಸೂಕ್ಷ್ಮವಿದೆ, ಉತ್ತರದ ತೂಕವೆಲ್ಲ ಅದರಲ್ಲೇ. ಶಿಕ್ಷೆ ಇಳಿಸಿದರೂ ತೀರ್ಪು ಸರಿಯೆಂದೇ ಉಳಿಯುತ್ತದೆ. "ಅನುಭವಿಸಿದ್ದು ಸಾಕು, ಬಿಟ್ಟುಬಿಡಿ" ಎಂಬ ಕರುಣೆಯ ವಾದವನ್ನು ಆಲ್ಟ್‌ಗೆಲ್ಡ್ ಹಿಡಿಯಲೇ ಇಲ್ಲ. ವಿಚಾರಣೆ ನ್ಯಾಯವಾಗಿ ನಡೆದಿದ್ದರೆ ಗವರ್ನರ್ ಕೈಹಾಕಕೂಡದು ಎಂಬುದು ಅವರ ನಿಲುವು. ಹಾಗೆ ನಡೆದಿಲ್ಲವೆಂದು ಕಾರಣ ಕೊಟ್ಟರು: ಶಿಕ್ಷೆಯಾಗಲೆಂದೇ ಜ್ಯೂರಿಯನ್ನು (ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವ ನಾಗರಿಕರ ತಂಡ) ಆರಿಸಿದ್ದರು, ಬಾಂಬ್ ಎಸೆದವರು ಯಾರೆಂದೇ ಸಾಬೀತಾಗಿರಲಿಲ್ಲ, ನ್ಯಾಯಾಧೀಶ ಜೋಸೆಫ್ ಗ್ಯಾರಿ ಪಕ್ಷಪಾತ ತೋರಿದ್ದರು. ಒಬ್ಬ ಮಾಜಿ ನ್ಯಾಯಾಧೀಶರು ನ್ಯಾಯಾಲಯದ ಮೇಲೆ ಹೀಗೆ ಬರೆದದ್ದಕ್ಕೇ ಪತ್ರಿಕೆಗಳು ಉರಿದುಬಿದ್ದವು.

1894ರಲ್ಲಿ ರೈಲು ಕಾರ್ಮಿಕರ ಪುಲ್‌ಮನ್ ಮುಷ್ಕರದಲ್ಲೂ ಅದೇ ಹಟ. ರಾಜ್ಯ ಕೇಳದಿದ್ದರೂ ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಅಂಚೆ ಮತ್ತು ರೈಲು ಸಂಚಾರದ ಹೆಸರಿನಲ್ಲಿ, ಶಿಕಾಗೊಗೆ ಸೇನೆ ಕಳಿಸಿದರು. ತಮ್ಮದೇ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರಾದರೂ ಆಲ್ಟ್‌ಗೆಲ್ಡ್ ಬಹಿರಂಗವಾಗಿಯೇ ಪ್ರತಿಭಟಿಸಿದರು.

1896ರಲ್ಲಿ ರಿಪಬ್ಲಿಕನ್ ಜಾನ್ ಟ್ಯಾನರ್ ಎದುರು ಸೋತರು. 1902ರಲ್ಲಿ ತೀರಿಕೊಂಡದ್ದು ಜೋಲಿಯೆಟ್‌ನಲ್ಲಿ, ಭಾಷಣಕ್ಕೆಂದು ಹೋಗಿದ್ದಾಗ. ಆ ಮೂವರು ಸೆರೆಯಲ್ಲಿದ್ದದ್ದೂ ಅದೇ ಊರಿನಲ್ಲಿ.