ಟಿಂಗ್ ಟಿಂಗ್ ನಿಲ್ಲಿಸುವ ಕ್ಲಿಪ್ಪು

ನಮ್ಮ ಗ್ಯಾರೇಜಿನ ಡ್ರಾಯರಿನಲ್ಲಿ ಹದಿನೇಳು ಕ್ಲಿಪ್ಪುಗಳಿವೆ. ಎಲ್ಲವೂ ಗಿರಾಕಿಗಳಿಂದ ಕಿತ್ತುಕೊಂಡವು. ಸೀಟ್ ಬೆಲ್ಟಿನ ತುದಿಯಂಥದೇ ಲೋಹದ ತುಂಡು. ಬಕಲ್ಲಿಗೆ ಸಿಕ್ಕಿಸಿದರೆ ಟಿಂಗ್ ಟಿಂಗ್ ಸದ್ದು ನಿಲ್ಲುತ್ತದೆ. ಬೆಲ್ಟ್ ಹಾಕಿದ್ದಾರೆ ಅಂತ ಕಾರು ನಂಬಿಬಿಡುತ್ತದೆ. ಕೆಲವದರಲ್ಲಿ ಸೋಡಾ ಬಾಟಲಿ ತೆಗೆಯೋ ಓಪನರ್ ಕೂಡ ಇದೆ, ನೋಡಿ! 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಇವನ್ನು ತೆಗೆಸಿತು. ಆದರೂ ನನ್ನ ಡ್ರಾಯರು ತುಂಬುತ್ತಲೇ ಇದೆ.

ಮೊನ್ನೆ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಬಂದಿದ್ದರು. ಕ್ಲಿಪ್ ಯಾಕೆ ಅಂದೆ. "ಆರು ಏರ್‌ಬ್ಯಾಗ್ ಇವೆ ಕಣ್ರೀ, ಬೆಲ್ಟ್ ಬೇರೆ ಯಾಕೆ?" ಅಂದರು.

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಏರ್‌ಬ್ಯಾಗ್ ಹತ್ತಿ ದಿಂಬಲ್ಲ. ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಸಿಡಿದು ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ತಕ್ಷಣ ಇಳಿಯತೊಡಗುತ್ತದೆ. ಅದು ತುಂಬಿ ನಿಂತ ಮೇಲೆ ನಿಮ್ಮ ಮುಖ ಅದಕ್ಕೆ ತಾಗಬೇಕು. ಬೆಲ್ಟ್ ಇಲ್ಲದಿದ್ದರೆ ಏನಾಗುತ್ತದೆ? ನೀವು ಬ್ರೇಕ್ ಒತ್ತಿದಾಗಲೇ ಮೈ ಮುಂದಕ್ಕೆ ಜಾರಿ ಸ್ಟಿಯರಿಂಗ್ ಹತ್ತಿರ ಹೋಗಿರುತ್ತದೆ. ಇನ್ನೂ ಸಿಡಿಯುತ್ತಿರುವ ಚೀಲ ನೇರ ಮುಖಕ್ಕೆ ಬಡಿಯುತ್ತದೆ. ಇನ್ನೊಂದು ಮಾತು, ಇದು ಕಾರಿಂದ ಕಾರಿಗೆ ಬೇರೆ: ಚೀಲ ಯಾವಾಗ ಬಿಚ್ಚಬೇಕು ಅನ್ನೋದನ್ನು ಕೆಲವು ಕಾರುಗಳು ಬಕಲ್ ನೋಡಿ ತೀರ್ಮಾನಿಸುತ್ತವೆ. ಕ್ಲಿಪ್ ಹಾಕಿದರೆ ಅದಕ್ಕೆ ಸುಳ್ಳು ಹೇಳಿದ ಹಾಗೆ.

ಯಜಮಾನರಿಗೆ ಅವರ ಭಾಷೆಯಲ್ಲೇ ಹೇಳಿದೆ. 50 ಕಿಲೋಮೀಟರ್ ವೇಗದಲ್ಲಿ ಗುದ್ದೋದು ಅಂದರೆ ಸುಮಾರು ಮೂವತ್ತು ಅಡಿ ತೆಂಗಿನ ಮರದಿಂದ ಬಿದ್ದಷ್ಟು ಹೊಡೆತ. ಕಾಯಿ ಕೀಳೋನು ಸೊಂಟಕ್ಕೆ ಹಗ್ಗ ಕಟ್ಟಲ್ವಾ? ಅವರು ನಕ್ಕರು. ಕ್ಲಿಪ್ ಕೊಟ್ಟರು.

ಉಳಿದದ್ದು ಚಿಕ್ಕ ವಿಷಯ. ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬಸುರಿಯರಿಗೆ ಹೊಟ್ಟೆಯ ಕೆಳಗೆ. ಘಾಟಿಯ ಇಳಿಜಾರಿನಲ್ಲಿ ನಿಲ್ಲಿಸಿದಾಗ ಬೆಲ್ಟ್ ಎಳೆದರೆ ಬರಲ್ಲ ಅಂತ ಫೋನ್ ಮಾಡುತ್ತೀರಿ. ಕಾರು ವಾಲಿದಾಗ ಲಾಕ್ ಆಗೋದು ಅದರ ಗುಣ, ಕೆಟ್ಟಿಲ್ಲ. ಸಮತಟ್ಟಾದ ಜಾಗಕ್ಕೆ ತನ್ನಿ, ಆಮೇಲೆ ನೋಡೋಣ. ಬೆಲ್ಟ್ ನಿಧಾನವಾಗಿ ಒಳಗೆ ಹೋಗುತ್ತಿದ್ದರೆ ಬಹಳ ಸಲ ಬೆವರು, ಧೂಳಿನ ಜಿಡ್ಡು. ಪೂರ್ತಿ ಎಳೆದು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಬಿಡಿ. ಎಣ್ಣೆ ಹಾಕಬೇಡಿ, ಬ್ಲೀಚ್ ಬೇಡವೇ ಬೇಡ. ಅಂಚು ನೂಲು ನೂಲಾಗಿದ್ದರೆ, ಅಥವಾ ಜೋರು ಅಪಘಾತ ಆಗಿದ್ದರೆ, ನೋಡೋಕೆ ಚೆನ್ನಾಗಿದ್ದರೂ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ಬದಲಿಸೋದೇ ಸರಿ. ಹಿಂದಿನ ಸೀಟಿನ ಬಕಲ್ ಹೊಸ ಕವರಿನ ಕೆಳಗೆ ಹೂತಿದ್ದರೆ ಹೊರಗೆ ತೆಗೆಸಿ. ಅಲ್ಲಿ ಕೂತವರಿಗೂ ಕಾನೂನು ಒಂದೇ, ಹಾಕದಿದ್ದರೆ ದಂಡವಿದೆ.

ನಿನ್ನೆ ಯಜಮಾನರು ಸರ್ವಿಸಿಗೆ ಬಂದರು. ಕಾರು ಗೇಟಿನೊಳಗೆ ಬಂತು, ಸದ್ದೇ ಇಲ್ಲ. ಖುಷಿಯಾಗಿ ಹತ್ತಿರ ಹೋದೆ. ಬೆಲ್ಟನ್ನು ಬಕಲ್ಲಿಗೆ ಹಾಕಿ, ಅದರ ಮುಂದೆ ಒರಗಿ ಕೂತಿದ್ದರು. ಬೆಲ್ಟ್ ಬೆನ್ನ ಹಿಂದೆ.

"ಈಗ ಕ್ಲಿಪ್ಪಿನ ಖರ್ಚೇ ಇಲ್ಲ ನೋಡ್ರೀ" ಅಂದರು.